ನೆನೆಯದ ಕಾಳು

ಆರು ದಿನ ಎಂದರೆ ಕಳೆದ ಬುಧವಾರದಿಂದ. ಶಶಿಕಲಾ ಅಡುಗೆಮನೆಯಲ್ಲಿ ನಿಂತು ಒದ್ದೆ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಬುಧವಾರ ಅವರೆಕಾಳು, ಗುರುವಾರ ಹುರುಳಿ, ಶುಕ್ರವಾರ ನುಗ್ಗೆಸೊಪ್ಪು. ಶುಕ್ರವಾರಕ್ಕೆ ಬಂದು ಬೆರಳು ನಿಂತಿತು. ಅವತ್ತು ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ಆಮೇಲೆ ಕುಳಿತು ಆ ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡಿದ್ದಳು. ಪಡಸಾಲೆಯಲ್ಲಿ ನಗು ಇನ್ನೂ ನಿಂತಿರಲಿಲ್ಲ. ಅತ್ತೆ ಮುನಿವೆಂಕಟಮ್ಮನ ನಗುವಿನ ಹಿಂದೆ ಅವಳ ತಂಗಿ ಮಂಜುಳಮ್ಮನ ನಗು ಕೆಮ್ಮಿಗೆ ತಿರುಗಿ ಮತ್ತೆ ನಗುವಾಗುತ್ತಿತ್ತು. ಶಶಿಕಲಾಗೆ ಮೊದಲು ಬಂದದ್ದು ಸಿಟ್ಟಲ್ಲ. ಬಸ್ಸಿನಲ್ಲಿ ಯಾರೋ ಅಪರಿಚಿತನ ಕೈ ಮೈಮೇಲೆ ಹರಿದುಹೋದ ಮೇಲೆ, ಅದು ಹರಿಯಿತೇ ಇಲ್ಲವೇ ಎಂದು ಗೊತ್ತಾಗದೆ ನಿಲ್ಲುತ್ತಾರಲ್ಲ, ಹಾಗೆ ನಿಂತಳು. ಮೈ ತಣ್ಣಗಾಗಿತ್ತು. ನಾಲಗೆಯನ್ನು ಹಲ್ಲಿನ ಹಿಂದೆ ಆಡಿಸಿ ಏನೋ ಹುಡುಕಿದಳು.

ಅದಿಯಮಾನ್‌ಕೋಟೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಮಂಜುಳಮ್ಮ ಕಾಫಿ ಕುಡಿಯುತ್ತ ಸುಮ್ಮನೆ ಅಂದ ಮಾತು ಅದು, “ಏನಕ್ಕ, ನಿನ್ ಸೊಸೆ ಮೊಕದಾಗೆ ಕಳೆ ಬಂದೈತಲ್ಲ, ಬರೀ ಸೊಪ್ಪು ತಿಂದ್ಕೊಂಡು” ಎಂದು. ಮುನಿವೆಂಕಟಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ತಡೆಯಲಾರದೆ ಹೇಳಿಬಿಟ್ಟಳು. “ಸೊಪ್ಪಾ? ಆರು ದಿನದಿಂದ ಅವಳ ಸಾರಿಗೆ ಎರಡೆರಡು ಸೌಟು ಎಲುಬಿನ ರಸ ಉಯ್ತಿದೀನಿ. ಇವಳು ಸೊಸೈಟಿಗೆ ಓದ ಮೇಲೆ ಬೇಯಿಸಿ ಎತ್ತಿ ಇಡದು. ಗೊತ್ತೇ ಆಗ್ಲಿಲ್ಲ ಪಾವಂ.” ಹೇಳುವಾಗ ಅವಳು ಸೊಸೆಯ ಕಡೆಗೇ ನೋಡಿ ನಕ್ಕಳು. ಜ್ವರ ಬಂದ ಮಗುವಿಗೆ ಬೆಲ್ಲದಲ್ಲಿ ಮಾತ್ರೆ ಅಡಗಿಸಿ ನುಂಗಿಸಿದವರ ನಗು. ಶಶಿಕಲಾ ಕೂಡ ನಕ್ಕಳು. ಯಾಕೆ ನಕ್ಕೆ ಎಂದು ಈಗ ಅರ್ಥವಾಗುತ್ತಿಲ್ಲ. ನಕ್ಕು, ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದಿದ್ದಳು.

ಶಶಿಕಲಾ ಬಾಯಿ ಕಟ್ಟಿ ನಲವತ್ತು ದಿನ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ಮೊಸರೂ ಇಲ್ಲ. ಸೇಲಂನ ಹಾಸ್ಟೆಲಿನಲ್ಲಿರುವ ಮಗಳು ಅರ್ಚನಾ, ಅಮ್ಮನ ರಕ್ತದಲ್ಲಿ ಕೊಬ್ಬು ಏರಿದ ರಿಪೋರ್ಟನ್ನು ನೋಡಿ ಫೋನಿನಲ್ಲಿ ಅತ್ತಿದ್ದಳು. ಆಮೇಲೆ ಇವನ್ನೆಲ್ಲ ಬಿಡಿ ಎನ್ನುವ ತಮಿಳಿನ ಡಾಕ್ಟರಮ್ಮ ಒಬ್ಬಳ ವಿಡಿಯೋಗಳನ್ನು ಕಳಿಸಿದ್ದಳು, ಮುಂದಿನ ಸಲ ಬರುವಾಗ ಸೇಲಂನ ಐದು ರೋಡು ವೃತ್ತದ ದೊಡ್ಡ ಅಂಗಡಿಯಿಂದ ಚಿಯಾ ಕಾಳಿನ ಪೊಟ್ಟಣವನ್ನೂ ತಂದಿದ್ದಳು. ಪಾಪಿರೆಡ್ಡಿಪಟ್ಟಿ ಹತ್ತಿರದ ಈ ಊರಿನಲ್ಲಿ ಶಶಿಕಲಾಗೆ ಹಾಲಿನ ಸೊಸೈಟಿಯಲ್ಲಿ ಕೆಲಸ. ಮುಂಜಾನೆ ಊರವರ ಹಾಲು ಅಳೆಯುವವಳು ಹಾಲು ಬಿಟ್ಟಳೆಂಬುದು ಸೊಸೈಟಿಯ ಕಾರ್ಯದರ್ಶಿ ಮುತ್ತುಸ್ವಾಮಿಗೆ ದಿನಕ್ಕೊಂದು ತಮಾಷೆ. “ಉಪ್ಪು ಮಾರೋರು ಉಪ್ಪು ಬಿಟ್ಟಂಗೆ ಕಣಮ್ಮ” ಎಂದು ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಅನ್ನುತ್ತಿದ್ದ. ಅವಳು ತಲೆ ಎತ್ತದೆ ಲ್ಯಾಕ್ಟೋಮೀಟರ್ ಅದ್ದುತ್ತಿದ್ದಳು. ಮನೆಯಲ್ಲಿ ಭಾನುವಾರ ಮಟನ್ ತೊಳೆದು, ಹೆಚ್ಚಿ, ಬೇಯಿಸಿ, ಗಂಡನಿಗೂ ಅತ್ತೆಗೂ ಬಡಿಸಿ, ತಾನು ಬೇರೆ ತಟ್ಟೆ ಹಿಡಿದು ಗೋಡೆಯ ಕಡೆ ಕೂತು ಉಣ್ಣುತ್ತಿದ್ದಳು. ಇದೆಲ್ಲದರ ಪಕ್ಕದಲ್ಲಿ ಅವಳಿಗೆ ತನ್ನದೇ ಒಂದು ಸಣ್ಣ ಗೆಲುವು ಇತ್ತು. ಮೂರು ದಿನದ ಹಿಂದೆ ಹಾಲು ಹಾಕುವ ಹೆಂಗಸರ ವಾಟ್ಸಾಪ್ ಗುಂಪಿಗೆ ಮಾತಾಡಿ ಕಳಿಸಿದ್ದಳು, ಮಂಡಿ ಹಗುರವಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಎಲ್ಲ ಈ ಕಾಳಿನ ಮಹಿಮೆ, ನೀವೂ ಶುರು ಮಾಡಿ ಎಂದು. ಆ ದನಿಯಲ್ಲಿದ್ದ ಜಂಬ ಈಗ ಅಡುಗೆಮನೆಯ ತುಂಬ ಕೇಳಿಸಿತು. ಹಗುರವಾಗಿದ್ದ ಮಂಡಿ ಯಾವುದರಿಂದ ಹಗುರವಾಗಿತ್ತು? ಗುರುವಾರದ ಹುರುಳಿ ಸಾರು ಎಂದಿಗಿಂತ ರುಚಿಯಾಗಿದೆ ಎನಿಸಿದಾಗ ನಾಲಗೆಗೆ ಗೊತ್ತಾಗಿತ್ತೇ? ಗೊತ್ತಾಗಿಯೂ ಅದು ಸುಮ್ಮನಿತ್ತೇ? ಅತ್ತೆ ಮಾಡಿದ್ದಕ್ಕಿಂತ ತನ್ನ ನಾಲಗೆಯ ಈ ಕಳ್ಳತನ ಅವಳನ್ನು ಹೆಚ್ಚು ಬೆಚ್ಚಿಸಿತು.

ಮಂಜುಳಮ್ಮ ಹತ್ತೂವರೆ ಬಸ್ಸಿಗೆ ಹೊರಟಳು. ಅವಳನ್ನು ಬೀದಿಯವರೆಗೆ ಕಳಿಸಿ ಮುನಿವೆಂಕಟಮ್ಮ ನೇರ ಅಡುಗೆಮನೆಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎಪ್ಪತ್ತೆರಡು ವರ್ಷದ ಹೆಂಗಸು, ಕುರಿಗಳ ಹಿಂದೆ ಏರ್ಕಾಡು ಬೆಟ್ಟದ ತಪ್ಪಲೆಲ್ಲ ನಡೆದು ಗಟ್ಟಿಯಾದ ಕಾಲು. ಸೊಸೆ ಮಾತಾಡುತ್ತಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು.

“ಕ್ವಾಪ ಬಂತೇನೇ?”

“ಇಲ್ಲ ಅತ್ತೆ.”

“ನಿನ್ ಆ ಕಾಳು ಒಸಿ ಕೊಡು, ನಾನೂ ತಿಂತೀನಿ. ನಂದು ನೀನ್ ತಿಂದೆ, ನಿಂದು ನಾನ್ ತಿಂದ್ರೆ ಸರಿಯಾಯ್ತು.”

ಬಲಗೈ ಚಾಚಿ, ಅಂಗೈ ಬಟ್ಟಲು ಮಾಡಿ ಹಿಡಿದಳು. ಅರಿಶಿನ ಇಳಿದ ಗೆರೆಗಳು, ಹಗ್ಗ ಉಜ್ಜಿ ಗಟ್ಟಿಯಾದ ತೊಗಲು. ಕಪಾಟಿನ ಮೇಲೆ ಎರಡು ಪಾತ್ರೆಗಳಿದ್ದವು. ಒಂದು ಒಣ ಕಾಳಿನ ಗಾಜಿನ ಬಾಟಲಿ. ಅದರ ಪಕ್ಕದಲ್ಲಿ, ಬೆಳಗ್ಗೆಯೇ ನೆನೆಹಾಕಿ ಮುಚ್ಚಿಟ್ಟ ಬಟ್ಟಲು. ಕಾಳುಗಳು ಉಬ್ಬಿ, ಒಂದೊಂದರ ಸುತ್ತಲೂ ಲೋಳೆ ಕಟ್ಟಿ, ಕಪ್ಪೆಯ ಮೊಟ್ಟೆಯ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲ ದಿನವೇ ಫೋನಿನ ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದಳು, ಅರ್ಧ ಗಂಟೆಯಾದರೂ ನೆನೆಯಬೇಕು, ಒಣದನ್ನೇ ನುಂಗಿ ಮೇಲೆ ನೀರು ಕುಡಿದರೆ ಅನ್ನನಾಳದಲ್ಲೇ ಊದಿಕೊಂಡು ಸಿಕ್ಕಿಕೊಳ್ಳುತ್ತದೆ, ವಯಸ್ಸಾದವರಿಗಂತೂ ಕೊಡಲೇಬಾರದು ಎಂದು. ಶಶಿಕಲಾ ಬಾಟಲಿಯ ಮುಚ್ಚಳ ತಿರುಗಿಸಿ, ಸಾರಿನ ಚಮಚದಲ್ಲಿ ಗೋಪುರದಂತೆ ತುಂಬಿ, ಅತ್ತೆಯ ಅಂಗೈಗೆ ಸುರಿದಳು. ಇನ್ನೊಂದು ಚಮಚ ಸುರಿದಳು. ಹೇಳಬೇಕಾದ ಮಾತು ಎದ್ದು ಗಂಟಲಿಗೆ ಬಂತು, ಹಲ್ಲಿನವರೆಗೂ ಬಂತು. ಬಾಯಿ ತೆರೆಯಿತು. ಮುನಿವೆಂಕಟಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಇನ್ನೂ ಸ್ವಲ್ಪ ನಗು ಉಳಿದಿತ್ತು. ಆ ನಗುವನ್ನು ಕಂಡ ಕೂಡಲೇ ಶಶಿಕಲಾಳ ಬಾಯಿ ಮುಚ್ಚಿಕೊಂಡಿತು. ಒಂಚೂರು ಸಿಕ್ಕಿಕೊಳ್ಳಲಿ. ಈ ಮಾತು ಅವಳೊಳಗೆ ಸ್ಪಷ್ಟವಾಗಿ, ಅಕ್ಷರ ಅಕ್ಷರವಾಗಿ ಬಂತು. ಮಂಜಿನ ಹಾಗೆ ಬಂದು ಹೋದ ಯೋಚನೆ ಅದು ಎಂದು ಆಮೇಲೆ ಎಷ್ಟು ಸಲ ಸಮಾಧಾನ ಹೇಳಿಕೊಂಡರೂ, ಅದು ಹಾಗೆ ಬಂದಿರಲಿಲ್ಲ.

ಅತ್ತೆಯ ಮುಖ ಯಾಕೋ ಸಣ್ಣದಾಯಿತು. ಹುಚ್ಚೆಳ್ಳನ್ನು ಬಾಯಿಗೆ ಎಸೆದುಕೊಳ್ಳುವಂತೆ ಒಂದೇ ಸಲಕ್ಕೆ ಅಷ್ಟನ್ನೂ ಎಸೆದುಕೊಂಡು, ಅರೆಬರೆ ಅಗಿದು, ಚೊಂಬೆತ್ತಿ ಗಟಗಟ ನೀರು ಕುಡಿದಳು. “ರುಚಿ ಇಲ್ಲ, ಪಚಿ ಇಲ್ಲ” ಎಂದು ಅಂಗೈ ಕೊಡವಿಕೊಂಡು ಹಿತ್ತಲಿಗೆ ಹೋದಳು.

ಶಶಿಕಲಾ ಪಾತ್ರೆ ತೊಳೆಯತೊಡಗಿದಳು. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಏನೂ ಆಗುವುದಿಲ್ಲ, ಫೋನಿನವರು ಹೆದರಿಸುವುದಕ್ಕೆ ಹಾಗೆ ಹೇಳುತ್ತಾರೆ, ಕಲ್ಲು ಜೀರ್ಣಿಸಿಕೊಳ್ಳುವ ಹೊಟ್ಟೆ ಅದು. ಈಗಲೂ ಹೋಗಿ ಹೇಳಬಹುದು. ಹೇಳಿದರೆ, ಗೊತ್ತಿದ್ದೂ ಯಾಕೆ ಕೊಟ್ಟೆ ಎಂದು ಕೇಳುತ್ತಾಳಲ್ಲ? ಅದಕ್ಕೆ ಒಂದು ಉತ್ತರವನ್ನು ಹೊಂದಿಸಿಕೊಳ್ಳುತ್ತಿದ್ದಂತೆ ನಿಮಿಷಗಳು ಹೋದವು. ಮದುವೆಯಾಗಿ ಬಂದ ಮರುವರ್ಷ, ಬಾಣಂತನದಲ್ಲಿ ಜ್ವರ ಏರಿದಾಗ, ಇದೇ ಹಿತ್ತಲಿನಲ್ಲಿ ಇದೇ ಹೆಂಗಸು ಅವಳ ಬಟ್ಟೆಗಳನ್ನು ಯಾರ ಕೈಗೂ ಕೊಡದೆ ಒಗೆದಿದ್ದಳು. ಅದು ಯಾಕೆ ಈಗ ನೆನಪಾಗಬೇಕು ಎಂದು ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ನೀರಿನ ಸದ್ದಿನ ಆಚೆ ಕುರಿಮರಿಗಳು ಅರಚುತ್ತಿದ್ದವು. ಅವುಗಳ ನಡುವೆ ಇನ್ನೊಂದು ಸದ್ದಿತ್ತು. ಅದೂ ಕುರಿಯದೇ ಎಂದುಕೊಂಡಳು. ಮತ್ತೆ ಬಂದಾಗ ನಲ್ಲಿ ನಿಲ್ಲಿಸಿದಳು.

ಮುನಿವೆಂಕಟಮ್ಮ ಹಿತ್ತಲ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಎರಡೂ ಕೈಯಿಂದ ಎದೆಯ ನಡುವನ್ನು ಒತ್ತಿ ಹಿಡಿದಿದ್ದಳು. ಬಾಯಿಂದ ಎಂಜಲು ಎಳೆಯಾಗಿ ಇಳಿದು ಸೆರಗಿನ ಮೇಲೆ ಬೀಳುತ್ತಿತ್ತು. ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು, ನಡೆಯುತ್ತಿದ್ದ ದಾರಿ ಇದ್ದಕ್ಕಿದ್ದಂತೆ ಮುಗಿದುಹೋದವರ ಹಾಗೆ. ಶಶಿಕಲಾ ನೀರು ಹಿಡಿದಳು. ಕುಡಿದ ನೀರು ಹಾಗೇ, ಒಳಗೆ ಮುಟ್ಟದೆ, ಮೂಗಿನಿಂದಲೂ ಬಾಯಿಂದಲೂ ವಾಪಸು ಬಂತು. ಬೆನ್ನು ಗುದ್ದಿದಳು. ಬೆರಳು ಹಾಕಿ ಕಕ್ಕಿಸಲು ನೋಡಿದಳು. ಆಮೇಲೆ ಗಂಡನಿಗೆ ಫೋನ್ ಮಾಡಿದಾಗ ಅವಳ ಬಾಯಿಂದ ಬಂದದ್ದು, “ಏನ್ರೀ, ಅತ್ತೆಗೆ ಏನೋ ಆಗೈತೆ” ಎಂಬ ಮಾತು. ಏನೋ.

ಗಂಡ ಬಾಲಾಜಿ ತನ್ನ ಲೋಡ್ ಆಟೋವನ್ನು, ಹಿಂದೆ ಇದ್ದ ಮರಗೆಣಸಿನ ಮೂಟೆಗಳ ಸಮೇತ, ಬಾಗಿಲಿಗೆ ತಂದು ನಿಲ್ಲಿಸಿದ. ಮೂಟೆಗಳನ್ನು ಬೀದಿಗೇ ಉರುಳಿಸಿ, ಅವ್ವನನ್ನು ಎತ್ತಿ ಮಲಗಿಸಿದರು. ಹರೂರಿನ ಆಸ್ಪತ್ರೆಯಲ್ಲಿ ನೋಡಿ, ಗಂಟಲೊಳಗೆ ಬಿಡುವ ಮಿಷಿನ್ ಇಲ್ಲಿಲ್ಲ, ಧರ್ಮಪುರಿಗೆ ಹೋಗಿ ಎಂದರು. ದಾರಿಯುದ್ದಕ್ಕೂ ಅತ್ತೆಯ ತಲೆ ಶಶಿಕಲಾಳ ತೊಡೆಯ ಮೇಲೆ. ಉಸಿರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ, ಎಂಜಲು ನುಂಗಲಾಗದೆ ಸೀರೆಯನ್ನೆಲ್ಲ ತೋಯಿಸಿತ್ತು. ಆ ಗಟ್ಟಿ ತೊಗಲಿನ ಕೈ ಶಶಿಕಲಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು, ಗುಂಡಿ ಬಂದಾಗಲೆಲ್ಲ ಇನ್ನೂ ಬಿಗಿಯಾಗುತ್ತಿತ್ತು. ಮುಳುಗುವವರು ಹತ್ತಿರದವರನ್ನು ಹಿಡಿಯುತ್ತಾರೆ, ಹತ್ತಿರದವರು ಯಾರೆಂದು ನೋಡುವುದಿಲ್ಲ. ಆದರೆ ಮುನಿವೆಂಕಟಮ್ಮ ನೋಡುತ್ತಿದ್ದಳು. ಕಣ್ಣು ಮುಚ್ಚದೆ, ಕೆಳಗಿನಿಂದ, ಸೊಸೆಯ ಮುಖವನ್ನೇ. ಶಶಿಕಲಾ ತಲೆ ಎತ್ತಿ ಹಿಂದಕ್ಕೆ ಓಡುವ ರಸ್ತೆಯನ್ನು ನೋಡಿದಳು.

ಧರ್ಮಪುರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಹರಿಹರನ್ ಎಂಬವನು ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಕೈಗವಸು ಹಾಕಿಕೊಳ್ಳುತ್ತಲೇ ಕೇಳಿದ, “ಪಾಟಿ ಎನ್ನ ಸಾಪ್ಟಾಂಗ?” ಅಜ್ಜಿ ಏನು ತಿಂದರು ಎಂದು ಕೇಳಿದ್ದಕ್ಕೆ ಬಾಲಾಜಿ ಹೆಂಡತಿಯ ಕಡೆ ತಿರುಗಿದ.

“ಚಿಯಾ” ಎಂದಳು.

“ಊರ ವೆಚ್ಚಾ?” ನೆನೆಸಿಯೇ ಎಂದು.

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವನ ಕೈ ನಿಂತಿತು. ಯಾರು ಕೊಟ್ಟಿದ್ದು ಎಂದು ಅವನು ಕೇಳಿರಲಿಲ್ಲ. ಕೇಳುವ ಮೊದಲೇ ಶಶಿಕಲಾ ಹೇಳಿದಳು, “ಅವಂಗಳೇ ಎಡುತ್ತು ಸಾಪ್ಟಾಂಗ ಸಾರ್.” ಅವರೇ ತೆಗೆದುಕೊಂಡು ತಿಂದರು. ತಮಿಳಿನಲ್ಲಿ ಆ ಮಾತು ಎಷ್ಟು ಸಲೀಸಾಗಿ, ಎಷ್ಟು ಮರ್ಯಾದೆಯಿಂದ ಹೊರಗೆ ಬಂತೆಂದರೆ, ಬೇರೆ ಯಾವುದೋ ಮನೆಯ ಸೊಸೆ ಬೇರೆ ಯಾವುದೋ ಅತ್ತೆಯ ಬಗ್ಗೆ ಹೇಳಿದ ಹಾಗಿತ್ತು. ಮನೆಯ ಕನ್ನಡದಲ್ಲಾದರೆ ನಾಲಗೆ ತೊಡರುತ್ತಿತ್ತೇನೋ. ಸ್ಟ್ರೆಚರಿನ ಮೇಲೆ ಒಂದು ಮಾರು ದೂರದಲ್ಲಿ ಮಲಗಿದ್ದ ಮುನಿವೆಂಕಟಮ್ಮನಿಗೆ ಎರಡೂ ಭಾಷೆ ಗೊತ್ತಿತ್ತು. ಕತ್ತು ತಿರುಗಿಸಲಿಲ್ಲ. ವಯಸ್ಸಾದವರೂ ಮಕ್ಕಳ ಹಾಗೆ, ಕೈಗೆ ಸಿಗುವಲ್ಲಿ ಏನೂ ಇಡಬಾರದು ಎಂದು ಡಾಕ್ಟರು ಬಾಲಾಜಿಗೆ ಬೈದ. ಬಾಲಾಜಿ ಕೈ ಕಟ್ಟಿ, ಸರಿ ಸಾರ್, ಸರಿ ಸಾರ್ ಎಂದ. ಆಮೇಲೆ ಬಾಗಿಲು ಮುಚ್ಚಿದರು.

ಹೊರಗಿನ ಬೆಂಚಿನ ಮೇಲೆ ಬಾಲಾಜಿ ಅವಳ ಭುಜದ ಮೇಲೆ ಕೈ ಇಟ್ಟ. ಮದುವೆಯಾದ ಇಪ್ಪತ್ಮೂರು ವರ್ಷದಲ್ಲಿ ನಾಲ್ಕು ಜನರ ಎದುರು ಅವನು ಹಾಗೆ ಕೈ ಇಟ್ಟದ್ದಿಲ್ಲ. “ನಡುಗ್ಬೇಡ. ನಿನ್ ತಪ್ಪಲ್ಲ. ಅವ್ವ ಮೊದಲಿಂದ್ಲೂ ಅಂಗೇ, ಕಂಡಿದ್ದೆಲ್ಲ ಬಾಯಿಗಾಕ್ಕೊಳ್ಳೋಳು. ನೀನಾಗಿದ್ದಕ್ಕೆ ಇಷ್ಟು ನೋಡ್ಕೊಂತೀಯ.” ಅವಳಿಗೆ ಆ ಕೈಯನ್ನು ತೆಗೆದು ಹಾಕಬೇಕೆನಿಸಿತು. ತೆಗೆದರೆ ಯಾಕೆ ಎಂದು ಕೇಳುತ್ತಾನೆ. ಮಡಿಲಿನಲ್ಲಿದ್ದ ಫೋನು ಗುಣುಗುಟ್ಟಿತು. ಹೆಂಗಸರ ಗುಂಪಿನಲ್ಲಿ ಯಾರೋ ಕೇಳಿದ್ದರು, ಅಕ್ಕಾ, ನಾನೂ ಆ ಕಾಳು ತರಿಸಿದೆ, ದಿನಕ್ಕೆ ಎಷ್ಟು ಚಮಚ, ಹಾಗೇ ತಿನ್ನಬಹುದಾ? ಶಶಿಕಲಾಳ ಬೆರಳು ಓಡಿತು. ಒಂದೇ ಚಮಚ, ಅರ್ಧ ಗಂಟೆ ನೆನೆಸಿ, ಒಣದು ಯಾವತ್ತೂ ತಿನ್ನಬೇಡಿ, ಮನೆಯಲ್ಲಿ ವಯಸ್ಸಾದವರಿದ್ದರೆ ದೂರ ಇಡಿ. ಬರೆದು ಕಳಿಸಿಯೂ ಆಯಿತು. ಕಳಿಸಿದ್ದನ್ನು ನೋಡುತ್ತ ಕೂತಳು. ಸಾಲಿನಲ್ಲಿ ನಿಂತು ಹೋಗುವ ಯಾವಳಿಗೋ ಇಷ್ಟು ಬರೆಯುವುದಕ್ಕೆ ಉಸಿರು ಎಳೆದು ಬಿಡುವಷ್ಟು ಹೊತ್ತೂ ಬೇಕಾಗಿರಲಿಲ್ಲ. ತನ್ನ ಕೈಗಳು ಬೇರೆ ಯಾರದ್ದೋ ಎಂಬಂತೆ ಫೋನನ್ನು ಬೆಂಚಿನ ಮೇಲೆ ಬೋರಲು ಇಟ್ಟಳು.

ಒಂದು ಗಂಟೆಯಾದ ಮೇಲೆ ಡಾಕ್ಟರು ಬಂದು, ಲೋಳೆಯೆಲ್ಲ ಗಟ್ಟಿ ಬಿರಡೆಯ ಹಾಗೆ ಕೂತಿತ್ತು, ಮೆಲ್ಲಗೆ ಹೊಟ್ಟೆಗೆ ತಳ್ಳಿದ್ದೇವೆ, ಒಳಗೆ ಸ್ವಲ್ಪ ಗೀಚಿದೆ, ನಾಳೆ ಮಧ್ಯಾಹ್ನದವರೆಗೆ ಇರಲಿ ಎಂದ. ಬಾಲಾಜಿ ಅಲ್ಲೇ ಗೋಡೆಗೆ ಹಣೆ ಒತ್ತಿ ಅತ್ತ. ಶಶಿಕಲಾಗೆ ಅಳು ಬರಲಿಲ್ಲ. ಬದುಕಿದಳು ಎಂದು ತಿಳಿದ ಆ ಗಳಿಗೆಯಲ್ಲಿ ಅವಳೊಳಗೆ ಮೊದಲು ಎದ್ದದ್ದು ಸಂತೋಷವಲ್ಲ, ಇನ್ನು ಮಾತಾಡುತ್ತಾಳೆ ಎಂಬ ಹೆದರಿಕೆ.

ಮರುದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ವಾರ್ಡಿನ ಕಿಟಕಿಯಿಂದ ಬಿಸಿಲು ಬಂದು ಹಾಸಿಗೆಯ ಕಾಲಿನ ಕಡೆ ಬಿದ್ದಿತ್ತು. ಇವತ್ತೆಲ್ಲ ಗಂಜಿ ಮಾತ್ರ ಎಂದು ನರ್ಸಮ್ಮ ಹೇಳಿದ್ದರಿಂದ ಬಾಲಾಜಿ ಕೆಳಗೆ ಹೋಗಿದ್ದ. ಮುನಿವೆಂಕಟಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕೂದಲು ಬಿಚ್ಚಿಹೋಗಿ, ಒಂದೇ ದಿನದಲ್ಲಿ ಮುಖ ಚಿಕ್ಕದಾಗಿತ್ತು. ಶಶಿಕಲಾಳನ್ನು ಹತ್ತಿರ ಕರೆದು, ಅವಳ ಕೈಯನ್ನು ತೆಗೆದು ತನ್ನ ಕೈಯೊಳಗೆ ಇಟ್ಟುಕೊಂಡಳು. ದನಿ ಕೆರೆದುಕೊಂಡು ಬಂತು.

“ನಾನೇ ತಿಂದೆ ಅಂತ ಏಳ್ದೆಯಲ್ಲ ಡಾಕ್ಟರ್‌ತಾವ. ಸರಿಯಾಗೇ ಏಳ್ದೆ.”

“ಅತ್ತೆ...”

“ಇರು, ಮಾತಾಡಕ್ಕೆ ಆಗ್ತಿಲ್ಲ, ಕೇಳಿಸ್ಕೋ. ನೀನು ಸುರಿಯುವಾಗ ನಿನ್ ಮೊಕ ನೋಡ್ದೆ. ಏನೋ ಏಳಕ್ಕೆ ಬಂದೆ, ನುಂಗ್ಕೊಂಡೆ. ಕೊಡಕ್ಕೆ ಮನಸಿಲ್ಲ ಇವಳಿಗೆ, ದುಬಾರಿ ಪದಾರ್ಥ, ಮುದುಕಿ ಯಾಕೆ ತಿಂತಾಳೆ ಅನ್ಕಂತಾಳೆ ಅಂತ ನಂಗೆ ರೋಷ ಬಂತು. ಅದ್ಕೇ ಅಷ್ಟನ್ನೂ ಒಂದೇ ಸಲ ಆಕ್ಕಂಡೆ. ಇಲ್ದಿದ್ರೆ ಒಸಿ ಒಸಿ ತಿಂತಿದ್ದೆ.” ಉಗುಳು ನುಂಗಿ ಮುಖ ಕಿವುಚಿದಳು. “ಅಂಗೆ ಅನ್ಕಂಡಿದ್ದು ನನ್ ತಪ್ಪು. ರಾತ್ರಿಯೆಲ್ಲ ನನ್ ಕಾಲ್ತಾವ ಕೂತಿದ್ದೆ ನೀನು. ಆ ಎಲುಬಿನ ರಸನೂ ಉಯ್ಬಾರದಿತ್ತು. ಕಾಲ್ ಎಳ್ಕಂಡು ನಡೀತಿದ್ದೆ ನೀನು, ನೋಡಕ್ಕೆ ಆಗ್ಲಿಲ್ಲ ನಂಗೆ.”

ಇಂಥದ್ದನ್ನು ಶಶಿಕಲಾ ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ, ಶಾಪಕ್ಕೆ, ಊರು ಸೇರಿಸುವುದಕ್ಕೆ ಸಿದ್ಧವಾಗಿದ್ದಳು. ಅದರ ಬದಲು ಅತ್ತೆ ಅವಳಿಗೆ ಒಂದು ಚಿಕ್ಕ ತಪ್ಪನ್ನು ನೀಡುತ್ತಿದ್ದಳು. ಅಷ್ಟು ಚಿಕ್ಕದು, ಹಿಡಿದುಕೊಂಡರೆ ಅಂಗೈಯಲ್ಲಿ ಮುಚ್ಚಿ ಹೋಗುವಷ್ಟು. ಜಿಪುಣಿ. ಅಷ್ಟೇ. ಹೌದು ಅತ್ತೆ, ಬುದ್ಧಿ ಕೆಟ್ಟಿತ್ತು ಎಂದುಬಿಟ್ಟರೆ ಎಲ್ಲ ಮುಗಿಯುತ್ತದೆ. ಬಾಲಾಜಿಯ ಕೈ ಭುಜದ ಮೇಲೆಯೇ ಇರುತ್ತದೆ. ಮುದುಕಿ ಸಾಯುವವರೆಗೂ ಈ ಮಾತನ್ನು ನಗುತ್ತ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಾಳೆ. ಹೌದು ಎನ್ನುವುದಕ್ಕೆ ಬಾಯಿ ತೆರೆದಳು. ತೆರೆದ ಬಾಯಿಯನ್ನು ಮುನಿವೆಂಕಟಮ್ಮ ನಿನ್ನೆ ನೋಡಿದ ಹಾಗೆಯೇ ನೋಡುತ್ತಿದ್ದಳು.

“ನೆನೆಸದೆ ತಿಂದ್ರೆ ಸಿಕ್ಕೊಂತದೆ ಅಂತ ನಂಗೆ ಗೊತ್ತಿತ್ತು ಅತ್ತೆ” ಎಂದಳು. “ಗೊತ್ತಿದ್ದೇ ಕೊಟ್ಟೆ.”

ಪಕ್ಕದ ಹಾಸಿಗೆಯವರ ಫೋನಿನಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರು. ಅತ್ತೆಗೆ ಅರ್ಥವಾಗಲಿಲ್ಲವೇನೋ ಎಂದು ಶಶಿಕಲಾ ಇನ್ನೊಂದು ಸಲ ಹೇಳಲು ಹೊರಟಳು. ಅಷ್ಟರಲ್ಲಿ ಅತ್ತೆಯ ಕೈ ಅವಳ ಕೈಯನ್ನು ಬಿಟ್ಟಿತು. ಕಿತ್ತುಕೊಳ್ಳಲಿಲ್ಲ. ಬಿಚ್ಚಿದ ಕೂದಲನ್ನು ಕಟ್ಟಿಕೊಳ್ಳಬೇಕು ಎಂಬಂತೆ ಮೆಲ್ಲಗೆ ಬಿಟ್ಟು, ಎರಡೂ ಕೈ ಮೇಲೆತ್ತಿ ಕೂದಲು ಹಿಂದಕ್ಕೆ ಸುತ್ತಿ ಗಂಟು ಹಾಕಿದಳು. ಆ ಗಂಟು ಹಾಕುವುದಕ್ಕೆ ತುಂಬ ಹೊತ್ತು ತೆಗೆದುಕೊಂಡಳು. ಆಮೇಲೆ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಕಿಟಕಿಯ ಕಡೆ ನೋಡಿದಳು.

“ಬಾಲಾಜಿಗೆ ಏಳ್ಬೇಡ” ಎಂದಳು. “ಅವನು ತಡ್ಕಳಕ್ಕಿಲ್ಲ.”

ಬಾಲಾಜಿ ಸ್ಟೀಲ್ ಡಬ್ಬಿಯಲ್ಲಿ ಮಜ್ಜಿಗೆ ಹಾಕಿದ ರಾಗಿ ಗಂಜಿ ತಂದ. ಆಸ್ಪತ್ರೆಯ ಗೇಟಿನ ಹತ್ತಿರ ಒಬ್ಬಳು ಮಾಡಿ ಮಾರುತ್ತಾಳೆ, ಹದವಾಗಿ ಆರಿದೆ ಎಂದ. ಅವನ ಮುಖ ಬೆಳಗಿತ್ತು, ಶೇವ್ ಮಾಡಿಸಿಕೊಂಡು ಬಂದಿದ್ದ. ಶಶಿಕಲಾ ಲೋಟಕ್ಕೆ ಬಗ್ಗಿಸಿದಳು. ಒಂದು ಕೈಯಿಂದ ಅತ್ತೆಯ ಬೆನ್ನಿಗೆ ಆನಿಕೆ ಕೊಟ್ಟು, ಇನ್ನೊಂದು ಕೈಯಿಂದ ಲೋಟವನ್ನು ತುಟಿಯ ಹತ್ತಿರ ಹಿಡಿದಳು. ಮುನಿವೆಂಕಟಮ್ಮ ತುಟಿ ಬಿಚ್ಚಲಿಲ್ಲ. ಗಂಜಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ದನಿಯಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ದಿನಾ ಆಡುವ ಮಾತಿನ ಹಾಗೆ ಹೇಳಿದಳು.

“ಮೊದ್ಲು ನೀನೊಂದು ಗುಟುಕು ಕುಡಿ.”

ಬಾಲಾಜಿ ನಕ್ಕುಬಿಟ್ಟ. “ನೋಡು, ಇಷ್ಟು ಆದ್ರೂ ಅವ್ವಂಗೆ ಸೊಸೆ ಅಸಿದವಳೆ ಅಂತ್ಲೇ ಚಿಂತೆ. ಕುಡಿ ಶಶಿ, ನಿನ್ನೆಯಿಂದ ಏನೂ ತಿಂದಿಲ್ಲ ನೀನೂ.”

ಶಶಿಕಲಾ ಲೋಟವನ್ನು ತನ್ನ ಬಾಯಿಗೆ ತಂದಳು. ಉಪ್ಪು, ಹುಳಿ ಮಜ್ಜಿಗೆ, ರಾಗಿಯ ಮಣ್ಣಿನ ವಾಸನೆ. ನುಂಗಿದಳು. ಮುನಿವೆಂಕಟಮ್ಮ ಅವಳ ಕಣ್ಣನ್ನು ನೋಡುತ್ತಿರಲಿಲ್ಲ, ಗಂಟಲನ್ನು ನೋಡುತ್ತಿದ್ದಳು. ಗುಟುಕು ಇಳಿದದ್ದನ್ನು ನೋಡಿ, ಇನ್ನೂ ಸ್ವಲ್ಪ ಹೊತ್ತು ಕಾದು, ಆಮೇಲೆ ಕೈ ಚಾಚಿದಳು.

“ಊಂ. ಈಗ ಕೊಡು.”